ಹಸುವಿನ ಹಿಂದೆ ಬರುವವರು

ರೋಹಿಣಿ ಮಳೆ ಚೆನ್ನಾಗಿ ಸುರಿದ ಮಾರನೆಯ ಬೆಳಿಗ್ಗೆ. ವಿದ್ಯಾರಣ್ಯಪುರಂನ ನಮ್ಮ ಬೀದಿ ಮುಗಿಯುವಲ್ಲಿ ಇನ್ನೂ ಮನೆ ಏಳದ ಒಂದು ಸೈಟಿದೆ. ಗರಿಕೆ, ಪಾರ್ಥೇನಿಯಂ, ಮೂಲೆಯಲ್ಲೊಂದು ಹೊಂಗೆ ಗಿಡ, ಯಾರೋ ತಂದು ಸುರಿದ ಒಂದು ಲೋಡು ಜಲ್ಲಿ. ಹಿಂದಿನ ಬೀದಿಯಲ್ಲಿ ಹಾಲು ಮಾರುವವರ ಎರಡು ಹಸುಗಳು ಹಾಲು ಕರೆದಾದ ಮೇಲೆ ಇಲ್ಲಿಗೆ ಮೇಯಲು ಬರುತ್ತವೆ. ಅವತ್ತು ಅವುಗಳಲ್ಲೊಂದು ನನ್ನೆದುರಿಗೇ ಬಾಲ ಎತ್ತಿ ಸಗಣಿ ಹಾಕಿತು. ನಾನು ಗಡಿಯಾರ ನೋಡಿಕೊಂಡು ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತೆ.

ನೊಣ ಬರಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಆರನೆಯ ನಿಮಿಷಕ್ಕೆ ಮೊದಲ ಹುಳು ಬಂತು. ಅಕ್ಕಿಕಾಳಿನಷ್ಟುದ್ದದ ಕಪ್ಪು ಹುಳು. ಗಾಳಿ ಬೀಸುವ ಕಡೆಗೆ ಎದುರಾಗಿ, ಅಂಕುಡೊಂಕಾಗಿ ಹಾರಿ ಬಂದು, ಸಗಣಿಯ ಅಂಚಿನಲ್ಲಿ ತೊಪ್ಪನೆ ಬಿತ್ತು. ಹೊರರೆಕ್ಕೆಯ ಕೆಳಗಿನ ತೆಳು ರೆಕ್ಕೆಯನ್ನು ಮಡಿಸಿ ಒಳಗೆ ಸೇರಿಸಿಕೊಳ್ಳಲು ಒಂದು ಗಳಿಗೆ ತೆಗೆದುಕೊಂಡಿತು. ಆಮೇಲೆ ಸಲಿಕೆಯಂಥ ತಲೆಯನ್ನು ತಗ್ಗಿಸಿ ಒಳಗೆ ಮುಳುಗಿಯೇಬಿಟ್ಟಿತು. ಅದರ ಹಿಂದೆಯೇ ಇನ್ನೊಂದು, ಮತ್ತೆರಡು. ನಲವತ್ತರವರೆಗೆ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಸಗಣಿಯ ಮೇಲ್ಮೈ ಸಣ್ಣ ಉರಿಯಲ್ಲಿಟ್ಟ ಅಂಬಲಿಯ ಹಾಗೆ ಅಲ್ಲಲ್ಲಿ ಉಬ್ಬುತ್ತ ತಗ್ಗುತ್ತ ಇತ್ತು.

ಹಸು ಹೊಡೆದುಕೊಂಡು ಹೋಗಲು ಬಂದ ಯಜಮಾನಿ ನಿಂತು ಕೇಳಿದರು: “ಏನ್ ಮೇಷ್ಟ್ರೇ, ಸಗಣೀಲಿ ಏನ್ ನೋಡ್ತಿದೀರಾ?”

“ಹುಳ ನೋಡ್ತಿದೀನಿ ಕಣಮ್ಮ.”

“ಅಯ್ಯೋ, ಅವಾ? ಮಳೆಗಾಲ ಬಂತು ಅಂದ್ರೆ ಈ ಸೈಟಲ್ಲಿ ಸಗಣಿ ಎತ್ತೋ ಕೆಲಸಾನೇ ಇಲ್ಲ. ಅವೇ ಎತ್ಕೊಂಡ್ ಹೋಯ್ತವೆ.”

ಈ ಅಧ್ಯಾಯದ ವಿಷಯವೆಲ್ಲ ಆಕೆಯ ಆ ಕೊನೆಯ ಮಾತಿನಲ್ಲಿದೆ.

ಆ ಹಸು ಸುಮಾರು 300 ಕಿಲೋ ತೂಗೀತು. ಸಗಣಿ ಹುಳುಗಳಲ್ಲಿ ಮಧ್ಯಮ ಗಾತ್ರದ್ದು, ಒಂದು ಸೆಂಟಿಮೀಟರ್ ಉದ್ದದ್ದು, ಒಂದು ಗ್ರಾಮಿನ ಹತ್ತನೇ ಒಂದು ಭಾಗ ತೂಗುತ್ತದೆ. ಅಂದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ಹಸುವನ್ನು ನಿಲ್ಲಿಸಿದರೆ ಇನ್ನೊಂದರಲ್ಲಿ 30 ಲಕ್ಷ ಹುಳುಗಳನ್ನು ಸುರಿಯಬೇಕು. ಇಷ್ಟು ಅಂತರವಿರುವ ಎರಡು ಜೀವಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೇಕೆ? ಎರಡೂ ಬದುಕುವುದು ಒಂದೇ ಹುಲ್ಲಿನ ಮೇಲೆ. ಒಂದೇ ಗರಿಕೆಯ ಎಸಳು ಮೊದಲು ಒಂದರ ಬಾಯಿಗೆ, ಎರಡು ದಿನ ಬಿಟ್ಟು ಇನ್ನೊಂದರ ಬಾಯಿಗೆ ಹೋಗುತ್ತದೆ. ದೊಡ್ಡದು ಮಾಡಬಲ್ಲ ಕೆಲಸವನ್ನು ಸಣ್ಣದು ಮಾಡಲಾರದು, ಸಣ್ಣದರ ಕೆಲಸ ದೊಡ್ಡದರ ಕೈಲಾಗದು. ಇದಕ್ಕೆ ಕಾರಣ ಅವುಗಳ ಗಾತ್ರವೇ.

ಗಾತ್ರದ ಲೆಕ್ಕ ಕಲಿಯಲು ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ನಂದಿಗಿಂತ ಒಳ್ಳೆಯ ಪಾಠವಿಲ್ಲ. ನಮ್ಮ ಮನೆಯ ತಾರಸಿಗೆ ಹತ್ತಿದರೆ ಬೆಟ್ಟ ಕಾಣುತ್ತದೆ. ದೊಡ್ಡದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ, ಕಡೆದ ಆ ನಂದಿಯ ಎತ್ತರ ಸುಮಾರು 16 ಅಡಿ. ಮಲಗಿ ಮೆಲುಕು ಹಾಕುತ್ತಿರುವ ನಿಜವಾದ ಬಸವನ ತಲೆ ನೆಲದಿಂದ ಸುಮಾರು 4 ಅಡಿ ಮೇಲಿರುತ್ತದೆ ಎಂದಿಟ್ಟುಕೊಳ್ಳಿ. ನಂದಿ ಅದರ ನಾಲ್ಕು ಪಟ್ಟು. ಈಗ ಆ ನಂದಿಗೆ ಜೀವ ಬಂದು, ರಕ್ತಮಾಂಸ ತುಂಬಿ, ಎದ್ದು ನಿಲ್ಲಲು ಹೊರಟಿತೆನ್ನಿ. ಎತ್ತರ ನಾಲ್ಕು ಪಟ್ಟಾದಾಗ ಉದ್ದವೂ ನಾಲ್ಕು ಪಟ್ಟು, ಅಗಲವೂ ನಾಲ್ಕು ಪಟ್ಟು. ಆದ್ದರಿಂದ ತೂಕ ನಾಲ್ಕು ನಾಲ್ಕಲ ನಾಲ್ಕಲ, ಅಂದರೆ 64 ಪಟ್ಟು. 400 ಕಿಲೋದ ಬಸವನ ಜಾಗದಲ್ಲಿ 25 ಟನ್ನಿಗೂ ಹೆಚ್ಚು ತೂಕದ ಪ್ರಾಣಿ. ಆದರೆ ಭಾರ ಹೊರುವ ಕಾಲಿನ ಮೂಳೆಯ ಬಲ ಇರುವುದು ಅದರ ಅಡ್ಡಕೊಯ್ತದ ಅಳತೆಯಲ್ಲಿ. ಅದು ಹೆಚ್ಚುವುದು 16 ಪಟ್ಟು ಮಾತ್ರ. ಮೂಳೆಯ ಒಂದೊಂದು ಚದರ ಅಂಗುಲದ ಮೇಲೂ ಮೊದಲಿಗಿಂತ ನಾಲ್ಕು ಪಟ್ಟು ಭಾರ ಬೀಳುತ್ತದೆ. ಅಂಥ ಬಸವ ಎದ್ದು ನಿಂತೀತು ಎಂದುಕೊಂಡರೂ ಓಡಿದರೆ ಕಾಲು ಮುರಿದುಕೊಳ್ಳುತ್ತದೆ.

ಇದನ್ನು ಮೊದಲು ಬಿಡಿಸಿ ಹೇಳಿದವನು ಗೆಲಿಲಿಯೋ, 1638ರಲ್ಲಿ. ಕಣ್ಣು ಕಳೆದುಕೊಂಡು, ಮನೆಯಲ್ಲೇ ಸೆರೆಯಾಗಿದ್ದ ಮುಪ್ಪಿನ ದಿನಗಳಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವನು ಎರಡು ಮೂಳೆಗಳ ಚಿತ್ರ ಕೊಟ್ಟಿದ್ದಾನೆ. ಉದ್ದ ಮೂರು ಪಟ್ಟಾದರೆ ಮೂಳೆ ಎಷ್ಟು ವಿಕಾರವಾಗಿ ದಪ್ಪವಾಗಬೇಕು ಎಂದು ತೋರಿಸುವ ಚಿತ್ರ ಅದು. 1926ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಇದೇ ಎಳೆ ಹಿಡಿದು, ಪ್ರತಿ ಪ್ರಾಣಿಗೂ ತಕ್ಕ ಗಾತ್ರವೊಂದಿದೆ ಎಂದು ಸೊಗಸಾದ ಪ್ರಬಂಧ ಬರೆದರು. ಈ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ ಭುವನೇಶ್ವರದಲ್ಲಿ ತೀರಿಕೊಂಡರು. ನಮ್ಮ ಶಾಲೆಯ ಮಕ್ಕಳಿಗೆ ಅವರ ಹೆಸರು ಇನ್ನಷ್ಟು ತಿಳಿಯಬೇಕಿತ್ತು ಎಂಬ ಕೊರಗು ನನಗಿದೆ.

ಇದೇ ಲೆಕ್ಕವನ್ನು ತಿರುಗಿಸಿದರೆ ಹುಳುವಿನ ಕಥೆ ಬರುತ್ತದೆ. 2010ರಲ್ಲಿ ರಾಬರ್ಟ್ ನೆಲ್ ಮತ್ತು ಲೀ ಸಿಮನ್ಸ್ ಎಂಬ ವಿಜ್ಞಾನಿಗಳು ಆಂಥೊಫೇಗಸ್ ಟಾರಸ್ ಎಂಬ ಸಗಣಿ ಹುಳುವಿನ ಬಲ ಅಳೆದರು. ಈ ಜಾತಿಯ ಗಂಡಿಗೆ ಗೂಳಿಯ ಹಾಗೆ ಬಾಗಿದ ಎರಡು ಕೊಂಬು. ಹೆಣ್ಣು ತೋಡಿದ ಸುರಂಗದಲ್ಲಿ ಎರಡು ಗಂಡುಗಳು ಎದುರಾದರೆ ಕೊಂಬಿಗೆ ಕೊಂಬು ಕೊಟ್ಟು ಒಂದನ್ನೊಂದು ಹೊರದಬ್ಬುತ್ತವೆ. ಹುಳುವಿನ ಬೆನ್ನಿಗೆ ದಾರ ಅಂಟಿಸಿ, ರಾಟೆಯ ಮೂಲಕ ತೂಕ ಕಟ್ಟಿ ನೋಡಿದಾಗ ಅತ್ಯಂತ ಬಲಶಾಲಿ ಗಂಡು ತನ್ನ ತೂಕದ 1,141 ಪಟ್ಟು ಭಾರಕ್ಕೆ ತಡೆ ಕೊಟ್ಟಿತು. ಪತ್ರಿಕೆಗಳೆಲ್ಲ ಇದನ್ನು 70 ಕಿಲೋದ ಮನುಷ್ಯ 80 ಟನ್ ಎಳೆದಂತೆ ಎಂದು ಬರೆದವು.

ಆ ಹೋಲಿಕೆ ದಾರಿ ತಪ್ಪಿಸುತ್ತದೆ ಎಂದೇ ನನ್ನ ಅಭಿಪ್ರಾಯ. ಸ್ನಾಯುವಿನ ಬಲವೂ ಮೂಳೆಯಂತೆ ಅಡ್ಡಕೊಯ್ತವನ್ನೇ ನಂಬಿದೆ. ಪ್ರಾಣಿ ಸಣ್ಣದಾಗುತ್ತ ಹೋದಂತೆ ತೂಕ ಬಲು ಬೇಗ ಇಳಿಯುತ್ತದೆ, ಬಲ ಅಷ್ಟು ಬೇಗ ಇಳಿಯುವುದಿಲ್ಲ. ಒಂದು ಸೆಂಟಿಮೀಟರಿನ ಹುಳುವಿಗೂ ಎರಡು ಮೀಟರ್ ಉದ್ದದ ಹಸುವಿಗೂ ಉದ್ದದಲ್ಲಿ 200 ಪಟ್ಟು ಅಂತರ. ಹಾಗಾಗಿ ತನ್ನ ತೂಕಕ್ಕೆ ಹೋಲಿಸಿದ ಬಲದಲ್ಲಿ ಹುಳುವಿಗೆ ಹುಟ್ಟಿನಿಂದಲೇ 200 ಪಟ್ಟು ಅನುಕೂಲವಿದೆ. 1,141ನ್ನು 200ರಿಂದ ಭಾಗಿಸಿ. ಹುಳುವನ್ನು ಹಸುವಿನಷ್ಟು ಬೆಳೆಸಿದರೆ ಅದು ಎಳೆಯಬಹುದಾದ ಭಾರ ತನ್ನ ತೂಕದ ಐದಾರು ಪಟ್ಟು. ಅದೂ ಸಣ್ಣ ಮಾತಲ್ಲ. ಹಳ್ಳಿಕಾರ್ ಎತ್ತು ದಿನವಿಡೀ ನೇಗಿಲೆಳೆಯುವಾಗ ಹಾಕುವ ಬಲ ಅದರ ತೂಕದ ಎಂಟರಲ್ಲೋ ಹತ್ತರಲ್ಲೋ ಒಂದು ಪಾಲು. ಒಂದು ಕ್ಷಣ ಜಗ್ಗುವ ಬಲ ಇನ್ನೂ ಹೆಚ್ಚು ಎನ್ನುವುದನ್ನೂ ಲೆಕ್ಕಕ್ಕಿಡಬೇಕು. ಆದರೂ ತಲೆತಲಾಂತರದಿಂದ ಸುರಂಗದಲ್ಲಿ ದಬ್ಬಾಡಿ ಬಂದ ಹುಳುವಿನ ಗಟ್ಟಿತನ ಗಾತ್ರದ ಅನುಕೂಲವನ್ನು ಕಳೆದ ಮೇಲೂ ಉಳಿಯುತ್ತದೆ. ಹುಳುವಿನ ನಿಜವಾದ ಹೆಚ್ಚುಗಾರಿಕೆ ಅಷ್ಟು. ಉಳಿದದ್ದು ಸಣ್ಣದಾಗಿರುವುದರ ಫಲ.

ದಸರೆಯ ಆನೆಗಳನ್ನು ಪ್ರತಿ ವರ್ಷ ಧನ್ವಂತರಿ ರಸ್ತೆಯ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗುವುದನ್ನು ಮೈಸೂರಿನವರು ನೋಡಿಯೇ ಇರುತ್ತೀರಿ. 2020ರಿಂದ ಅಂಬಾರಿ ಹೊರುತ್ತ ಬಂದ ಅಭಿಮನ್ಯುವಿನ ತೂಕ 5 ಟನ್ ಆಸುಪಾಸು, ಚಿನ್ನದ ಅಂಬಾರಿ 750 ಕಿಲೋ. ತನ್ನ ತೂಕದ ಏಳರಲ್ಲೊಂದು ಪಾಲನ್ನು ಹೊತ್ತು ಬನ್ನಿಮಂಟಪದವರೆಗೆ ನಡೆಯಲು ಆನೆಗೆ ವಾರಗಟ್ಟಲೆ ತಾಲೀಮು ಕೊಡಬೇಕು, ಬೆನ್ನಿಗೆ ಗಾದಿ ನಮ್ದಾ ಕಟ್ಟಬೇಕು. ಇದು ಆನೆಯ ದೌರ್ಬಲ್ಯವಲ್ಲ. ಐದು ಟನ್ ದೇಹವನ್ನು ಹಗಲಿರುಳು ಹೊತ್ತುಕೊಂಡಿರುವುದೇ ಅದಕ್ಕೆ ಬಹುದೊಡ್ಡ ಕೆಲಸ.

ಸಣ್ಣದಾಗಿರುವುದಕ್ಕೂ ಬೆಲೆ ತೆರಬೇಕು. ಒಂದು ಹನಿ ನೀರು ಹುಳುವಿನ ಅರ್ಧ ತೂಕ ತೂಗುತ್ತದೆ. ನೆನೆದರೆ ಅದು ನಮಗಾದಂತೆ ಒದ್ದೆಯಾಗುವುದಿಲ್ಲ, ನೀರಿಗೆ ಅಂಟಿಕೊಂಡುಬಿಡುತ್ತದೆ. ಜಡಿಮಳೆಯಲ್ಲಿ ಹಸು ಕಿವಿ ಕೊಡವಿಕೊಂಡು ಮೇಯುತ್ತಿರುವಾಗ ಹುಳು ಮಣ್ಣಿನಡಿ ಅಡಗಿರಬೇಕು. ಅದಕ್ಕೆ ಶ್ವಾಸಕೋಶವೂ ಇಲ್ಲ. ಮೈಯ ಪಕ್ಕದ ಸಣ್ಣ ರಂಧ್ರಗಳಿಂದ ಕವಲೊಡೆದ ಕೊಳವೆಗಳ ಮೂಲಕ ಗಾಳಿಯೇ ನೇರವಾಗಿ ಅಂಗಾಂಗಕ್ಕೆ ಹೋಗಬೇಕು. ಮೈ ದೊಡ್ಡದಾದಷ್ಟೂ ಆ ಕೊಳವೆಗಳ ವ್ಯವಸ್ಥೆ ಸೋಲುತ್ತದೆ. ಹಸುವಿನ ಗಾತ್ರದ ಹುಳು ಭೂಮಿಯ ಮೇಲೆ ಎಂದೂ ಇರಲಿಲ್ಲ. 30 ಕೋಟಿ ವರ್ಷದ ಹಿಂದೆ, ಗಾಳಿಯಲ್ಲಿ ಆಮ್ಲಜನಕ ಈಗಿನದಕ್ಕಿಂತ ಬಹಳ ಹೆಚ್ಚಿದ್ದ ಕಾಲದಲ್ಲಿ, ಎರಡಡಿ ರೆಕ್ಕೆಹರವಿನ ಏರೋಪ್ಲೇನ್ ಚಿಟ್ಟೆಯಂಥ ಕೀಟಗಳು ಹಾರಾಡಿದ್ದವು. ಗಾತ್ರದಲ್ಲಿ ಕೀಟಗಳು ಮುಟ್ಟಿದ ಮಿತಿ ಹೆಚ್ಚುಕಡಿಮೆ ಅಷ್ಟೇ.

ಈಗ ಊಟಕ್ಕೆ ಬರೋಣ. ಹುಲ್ಲು ಕೆಟ್ಟ ಆಹಾರ. ಅದರ ಮುಖ್ಯ ಸರಕು ನಾರು, ಆ ನಾರನ್ನು ಒಡೆಯುವ ರಸ ಯಾವ ಹಸುವಿನ ದೇಹದಲ್ಲೂ ಹುಟ್ಟುವುದಿಲ್ಲ. ಅದಕ್ಕಾಗಿ ಹಸು ತನ್ನೊಳಗೆ ಒಂದು ಹಗೇವನ್ನೇ ಇಟ್ಟುಕೊಂಡಿದೆ. ನಾಲ್ಕು ಕೋಣೆಯ ಹೊಟ್ಟೆಯಲ್ಲಿ ಮೊದಲನೆಯದು ದೊಡ್ಡ ತಳಿಗಳಲ್ಲಿ 100 ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಅದರ ರಸದ ಒಂದೊಂದು ಮಿಲಿಲೀಟರಿನಲ್ಲಿ ನೂರಾರು ಕೋಟಿ ಸೂಕ್ಷ್ಮಜೀವಿಗಳು. ಹುಲ್ಲನ್ನು ಕೊಳೆಸಿ ಹಸುವಿಗೆ ಶಕ್ತಿ ಕೊಡುವವು ಅವೇ. ಕೊಳೆಯಲು ಹೊತ್ತು ಬೇಕು, ಹೊತ್ತಿಗೆ ಜಾಗ ಬೇಕು, ಜಾಗಕ್ಕೆ ದೊಡ್ಡ ದೇಹ ಬೇಕು.

ದೊಡ್ಡ ದೇಹಕ್ಕೆ ಇನ್ನೊಂದು ಉಳಿತಾಯವೂ ಉಂಟು. ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ಹಲವು ಪ್ರಾಣಿಗಳ ಶಕ್ತಿವೆಚ್ಚವನ್ನು ಹೋಲಿಸಿ, ತೂಕ ಹೆಚ್ಚಿದಷ್ಟೇ ವೇಗದಲ್ಲಿ ಹಸಿವು ಹೆಚ್ಚುವುದಿಲ್ಲ ಎಂದು ತೋರಿಸಿದರು. ಅವರ ಸೂತ್ರ ಹಾಕಿದರೆ 4 ಟನ್ನಿನ ಒಂದು ಆನೆ 13 ಹಸುಗಳ ತೂಕ, ಆದರೆ ಅದಕ್ಕೆ ಬೇಕಾದ ಶಕ್ತಿ 7 ಹಸುಗಳಷ್ಟು ಮಾತ್ರ. ಹಾಗಾಗಿ ದೊಡ್ಡ ಪ್ರಾಣಿ ಕಳಪೆ ಮೇವಿನ ಮೇಲೆ ಬದುಕಬಲ್ಲದು. ಹೊಟ್ಟೆಗೆ ತುಂಬಿಸಿ, ಸಿಕ್ಕಷ್ಟು ಹೀರಿ, ಉಳಿದದ್ದನ್ನು ಹೊರಹಾಕುತ್ತದೆ. ಮೆಲುಕು ಹಾಕದ ಆನೆಯಂತೂ ತಿಂದದ್ದರಲ್ಲಿ ಅರ್ಧವನ್ನೂ ಅರಗಿಸಿಕೊಳ್ಳದು. ದಿನಕ್ಕೆ ಹದಿನೈದಿಪ್ಪತ್ತು ಸಲ, ಒಟ್ಟು ಸುಮಾರು 100 ಕಿಲೋ ಲದ್ದಿ ಹಾಕುತ್ತದೆ. ಹಸು ಹತ್ತು ಹನ್ನೆರಡು ಸಲ ಹಾಕುತ್ತದೆ.

ಹೊರಬಿದ್ದ ಸಗಣಿಯಲ್ಲಿ ಹಸುವಿಗೆ ದಕ್ಕದ ನಾರಿದೆ, ನೀರಿದೆ, ಕರುಳಿನಿಂದ ಹರಿದುಬಂದ ಸೂಕ್ಷ್ಮಜೀವಿಗಳ ರಾಶಿಯಿದೆ. ಆ ಸೂಕ್ಷ್ಮಜೀವಿಗಳು ಒಳ್ಳೆಯ ಪ್ರೋಟೀನು. 300 ಕಿಲೋದ ಪ್ರಾಣಿಗೆ ಅದನ್ನು ಸೋಸಿ ತೆಗೆಯುವ ಉಪಾಯವಿಲ್ಲ. ಹುಳುವಿಗಿದೆ. ಬೆಳೆದ ಹುಳುವಿನ ಬಾಯಿ ಕಚ್ಚುವ ಬಾಯಿಯಲ್ಲ, ಅದರ ಸುತ್ತ ಮೃದುವಾದ ಕೂದಲಿನ ಕುಚ್ಚಿದೆ. ಸಗಣಿಯನ್ನು ಒತ್ತಿ ರಸ ಹಿಂಡಿ, ಸೋಸಿದ ತಿಳಿಯನ್ನು ಮಾತ್ರ ಕುಡಿಯುತ್ತದೆ. ಹೆಚ್ಚಿನ ಜಾತಿಗಳು ಕೂದಲೆಳೆಗಿಂತ ದಪ್ಪದ ಕಣವನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ನಾರನ್ನು ಅಗಿಯುವ ಗಟ್ಟಿ ದವಡೆ ಇರುವುದು ಅದರ ಮರಿಹುಳುವಿಗೆ. ಹಸು ಬಿಟ್ಟದ್ದರಲ್ಲಿ ತಿಳಿ ತಾಯಿತಂದೆಗೆ, ಚರಟ ಮಕ್ಕಳಿಗೆ.

ಜಗತ್ತಿನಲ್ಲಿ ಸುಮಾರು 6,000 ಜಾತಿಯ ನಿಜವಾದ ಸಗಣಿ ಹುಳುಗಳಿವೆ. ಸಗಣಿಯೊಳಗೇ ಮನೆ ಮಾಡುವವು ಕೆಲವು. ಸಗಣಿಯ ಕೆಳಗೆ ಸುರಂಗ ತೋಡಿ ಒಳಗೆ ಸಾಗಿಸುವವು ಬಹಳ, ನಮ್ಮ ಸೈಟಿಗೆ ಬಂದವು ಹೆಚ್ಚಾಗಿ ಇವೇ. ಉಂಡೆ ಮಾಡಿ ಉರುಳಿಸಿಕೊಂಡು ಹೋಗುವವು ಮೂರನೆಯ ಬಗೆ. ಹಳ್ಳಿಯ ಮಕ್ಕಳು ಕೂತು ನೋಡುವುದು ಇವನ್ನೇ. ಹಿಂಗಾಲಿನಲ್ಲಿ ಉಂಡೆ ತಳ್ಳುತ್ತ, ತಲೆ ಕೆಳಗಾಗಿ ಹಿಮ್ಮುಖವಾಗಿ ನಡೆಯುವ ಈ ಹುಳು ದಾರಿ ತಪ್ಪುವುದಿಲ್ಲ. ಬೇರೆ ಹುಳು ಕಿತ್ತುಕೊಳ್ಳುವ ಮೊದಲು ಗುಂಪಿನಿಂದ ದೂರ ಹೋಗಬೇಕಾದರೆ ನೇರ ಗೆರೆಯೇ ಒಳ್ಳೆಯದು. 2013ರಲ್ಲಿ ಮರಿ ಡಾಕೆ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕದ ಒಂದು ಜಾತಿಯ ಹುಳುವನ್ನು ಜೋಹಾನ್ಸ್‌ಬರ್ಗಿನ ತಾರಾಲಯದೊಳಗೆ ಬಿಟ್ಟು ನೋಡಿದರು. ಚಂದ್ರನಿಲ್ಲದ ರಾತ್ರಿಯಲ್ಲಿ ಅದು ಆಕಾಶಗಂಗೆಯ ಬೆಳಕಿನ ಪಟ್ಟಿಯನ್ನು ನೋಡಿಕೊಂಡು ನೇರ ನಡೆಯುತ್ತದೆ ಎಂದು ಗೊತ್ತಾಯಿತು. ಹುಳುವಿನ ತಲೆಗೆ ಸಣ್ಣ ಟೋಪಿ ಹಾಕಿ ಮೇಲಿನ ನೋಟ ಮರೆಮಾಡಿದಾಗ ಅದು ಸುತ್ತಿದಲ್ಲೇ ಸುತ್ತಿತು.

ಗಾತ್ರದ ಅಂತರವನ್ನೆಲ್ಲ ಹೇಳಿದ ಮೇಲೆ ನನ್ನನ್ನು ಅತ್ಯಂತ ಬೆರಗುಗೊಳಿಸಿದ ಸಾಮ್ಯವೊಂದನ್ನು ಹೇಳಲೇಬೇಕು. ಸಣ್ಣ ಜೀವಿ ಎಂದರೆ ನೂರಾರು ಮೊಟ್ಟೆ, ದೊಡ್ಡದೆಂದರೆ ಒಂದೇ ಮರಿ ಎಂದು ನಾವು ತಿಳಿದಿದ್ದೇವೆ. ನೊಣ ಒಂದು ಸಲಕ್ಕೆ ನೂರರ ಮೇಲೆ ಮೊಟ್ಟೆ ಇಡುತ್ತದೆ. ಹಸು ಒಂಬತ್ತು ತಿಂಗಳು ಹೊತ್ತು ಒಂದು ಕರು ಹಾಕುತ್ತದೆ, ಆನೆಗೆ ಹೆಚ್ಚುಕಡಿಮೆ 22 ತಿಂಗಳು. ಸಗಣಿ ಹುಳು ಈ ವಿಚಾರದಲ್ಲಿ ನೊಣದ ಪಕ್ಷ ಅಲ್ಲ, ಆನೆಯ ಪಕ್ಷ. ಕೋಪ್ರಿಸ್ ಕುಲದ ಹೆಣ್ಣು ನೆಲದಡಿಯ ಕೋಣೆಯಲ್ಲಿ ಸಗಣಿಯನ್ನು ತಟ್ಟಿ ತಟ್ಟಿ ಬೆರಳೆಣಿಕೆಯಷ್ಟು ಉಂಡೆ ಕಟ್ಟುತ್ತದೆ. ಉಂಡೆಗೊಂದರಂತೆ ಮೊಟ್ಟೆ. ಆಮೇಲೆ ಮರಿಗಳು ಬೆಳೆದು ಹೊರಬರುವವರೆಗೂ ವಾರಗಟ್ಟಲೆ ಅಲ್ಲೇ ಕಾದಿರುತ್ತದೆ. ಉಂಡೆ ಬಿರುಕು ಬಿಟ್ಟರೆ ಮೆತ್ತುತ್ತದೆ, ಬೂಷ್ಟು ಹಿಡಿದರೆ ಕೆರೆದು ತೆಗೆಯುತ್ತದೆ. ತಾಯಿಯನ್ನು ಬೇರೆ ಮಾಡಿದರೆ ಉಂಡೆಗಳು ಬೂಷ್ಟು ಹಿಡಿದು ಹಾಳಾಗುತ್ತವೆ.

ಏಷ್ಯಾದ ಕಾಡುಗಳಲ್ಲಿ ಆನೆಯ ಲದ್ದಿಯನ್ನೇ ನಂಬಿದ ಹೀಲಿಯೊಕಾಪ್ರಿಸ್ ಡಾಮಿನಸ್ ಎಂಬ ದೊಡ್ಡ ಹುಳುವಿದೆ. ಉದ್ದ ಎರಡು ಅಂಗುಲಕ್ಕೂ ಹೆಚ್ಚು. ಅದು ಕೆಲವು ಅಡಿ ಆಳದಲ್ಲಿ ಹೂಳುವ ಉಂಡೆ ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ಹೊರಗೆಲ್ಲ ಗಟ್ಟಿ ಜೇಡಿಮಣ್ಣಿನ ಲೇಪ. ಹಿಂದೆ ನೆಲ ಅಗೆದಾಗ ಸಿಕ್ಕ ಈ ಉಂಡೆಗಳನ್ನು ಹಳೆಯ ಕಾಲದ ಫಿರಂಗಿಯ ಕಲ್ಲುಗುಂಡುಗಳೆಂದು ತಿಳಿದವರಿದ್ದರು. ಗುಂಡನ್ನು ಒಡೆದು ನೋಡಿದರೆ ಒಳಗೆ ಬೆಚ್ಚಗೆ ಸುರುಳಿ ಸುತ್ತಿಕೊಂಡ ಬಿಳಿ ಮರಿಹುಳು.

ಇಂಥ ತಾಯಿಗೆ ಒಂದು ಮಳೆಗಾಲ ಕೆಟ್ಟರೆ ನೊಣದಂತೆ ಮುಂದಿನ ವಾರ ನೂರು ಹುಟ್ಟಿಸಿ ಸರಿದೂಗಿಸಲು ಆಗದು. ಆನೆಯಂತೆಯೇ ಇದರ ಸಂತತಿಯೂ ಕುಸಿದರೆ ಚೇತರಿಸಿಕೊಳ್ಳಲು ಕಾಲ ಬೇಕು. ಆನೆಯ ವಿಚಾರ ನಮಗೆಲ್ಲ ಗೊತ್ತಿದೆ, ಹುಳುವಿನದು ಗೊತ್ತಿಲ್ಲ.

ಸಣ್ಣದು ಇಲ್ಲದ ಕಡೆ ದೊಡ್ಡದನ್ನು ತಂದಿಟ್ಟರೆ ಏನಾಗುತ್ತದೆ? ಇದಕ್ಕೆ ಒಂದು ಇಡೀ ಖಂಡವೇ ಪ್ರಯೋಗವಾಗಿದೆ. 1788ರಲ್ಲಿ ಇಂಗ್ಲಿಷರ ಹಡಗುಗಳು ಆಸ್ಟ್ರೇಲಿಯಾಕ್ಕೆ ಮೊದಲ ದನಗಳನ್ನು ತಂದವು. ಅಲ್ಲಿಯ ಸಗಣಿ ಹುಳುಗಳು ಕಾಂಗರೂವಿನ ಒಣ ಹಿಕ್ಕೆಗೆ ಒಗ್ಗಿದ್ದವು. ಅವುಗಳಲ್ಲಿ ಹೆಚ್ಚಿನವು ಹಸುವಿನ ಹಸಿ, ದಪ್ಪ, ಅಗಲ ಸಗಣಿಯನ್ನು ಮುಟ್ಟಲಿಲ್ಲ. ದನಗಳು ಕೋಟಿಗಟ್ಟಲೆ ಆದವು. ಸಗಣಿ ಬಿದ್ದಲ್ಲೇ ಒಣಗಿ ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ಉಳಿಯತೊಡಗಿತು. ಅದರಡಿ ಹುಲ್ಲು ಸತ್ತಿತು, ಸುತ್ತ ಬೆಳೆದ ಹುಲ್ಲನ್ನು ದನ ಮೂಸಲಿಲ್ಲ. ನೊಣ ವಿಪರೀತ ಹೆಚ್ಚಿತು. ಹಂಗೆರಿಯಿಂದ ವಲಸೆ ಹೋಗಿದ್ದ ಜಾರ್ಜ್ ಬೊರ್ನೆಮಿಸ್ಸಾ ಎಂಬ ಕೀಟತಜ್ಞ, ತನ್ನೂರಿನ ಹುಲ್ಲುಗಾವಲಿನಲ್ಲಿ ಕಾಣದ ಈ ಒಣ ಸಗಣಿಯ ಹಾಸನ್ನು ಕಂಡು ಕಾರಣ ಊಹಿಸಿದ. 1960ರ ದಶಕದಲ್ಲಿ ಅವನ ಮುಂದಾಳ್ತನದಲ್ಲಿ ಶುರುವಾದ ಯೋಜನೆ ಇಪ್ಪತ್ತು ವರ್ಷ ನಡೆಯಿತು. ಆಫ್ರಿಕ, ಯುರೋಪಿನಿಂದ ನಲವತ್ತಕ್ಕೂ ಹೆಚ್ಚು ಜಾತಿಯ ಹುಳುಗಳನ್ನು, ರೋಗ ಬಾರದಂತೆ ಮೊಟ್ಟೆಗಳನ್ನು ತೊಳೆದು, ಹೊಸ ಉಂಡೆಯೊಳಗಿಟ್ಟು ಬೆಳೆಸಿ ಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಜಾತಿ ನೆಲೆಯೂರಿದವು. ಅವು ನೆಲೆನಿಂತ ಕಡೆ ಸಗಣಿ ನೆಲದಡಿ ಸೇರಿತು, ನೊಣ ಕಡಿಮೆಯಾಯಿತು.

ನಮ್ಮಲ್ಲಿ ಈ ಹುಳುಗಳನ್ನು ಯಾರೂ ಹಡಗಿನಲ್ಲಿ ತರಬೇಕಾಗಿಲ್ಲ. ಕಾಟಿ, ಆನೆ, ಜಿಂಕೆ, ಆಮೇಲೆ ಹಸು, ಎಮ್ಮೆ ಎಲ್ಲದರ ಹಿಂದೆಯೂ ಅವು ಲಾಗಾಯ್ತಿನಿಂದ ಬಂದಿವೆ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯ ದನಗಳು, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎನಿಸಿಕೊಂಡ ಅದೇ ಹಿಂಡುಗಳು, ಕಾವಲುಗಳಲ್ಲಿ ಮೇಯುತ್ತಿದ್ದಾಗ ಆ ಹುಲ್ಲುಗಾವಲನ್ನು ವರ್ಷ ವರ್ಷ ಚಿಗುರಿಸಿದ್ದರಲ್ಲಿ ಈ ಹುಳುಗಳ ಪಾಲು ದೊಡ್ಡದು. ಸಗಣಿ ಬಿಸಿಲಿನಲ್ಲಿ ಬಿದ್ದಿದ್ದರೆ ಅದರ ಸಾರಜನಕದ ಗಣನೀಯ ಪಾಲು ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಹೂತರೆ ಬೇರಿಗೆ ಸಿಗುತ್ತದೆ. ಸುರಂಗದಲ್ಲಿ ಮಳೆನೀರು ಇಳಿಯುತ್ತದೆ. ಸಗಣಿಯಲ್ಲಿದ್ದ ಬೀಜವೂ ಮಣ್ಣಿಗೆ ಸೇರುತ್ತದೆ. ಈಗ ಆ ಕಾವಲುಗಳೂ ಕರಗುತ್ತಿವೆ.

ನಮ್ಮ ಸೈಟಿಗೆ ಮರಳುತ್ತೇನೆ. ಮಾರನೆಯ ದಿನ ಹೋಗಿ ನೋಡಿದಾಗ ಸಗಣಿಯ ಸುತ್ತ ಸಣ್ಣ ಸಣ್ಣ ಮಣ್ಣಿನ ಗುಪ್ಪೆ, ಹಸಿ ಕೆಂಪು ಮಣ್ಣು. ಕಡ್ಡಿಯಿಂದ ಅಂಚನ್ನೆತ್ತಿದರೆ ಕೆಳಗೆ ಜರಡಿಯಂತೆ ತೂತು. ಒಂದು ಹುಳುವನ್ನು ಅಂಗೈ ಮೇಲಿಟ್ಟುಕೊಂಡು ಭೂತಗನ್ನಡಿಯಲ್ಲಿ ಮಗುಚಿ ನೋಡಿದೆ. ಮುಂಗಾಲಿನಲ್ಲಿ ಗರಗಸದ ಹಲ್ಲು. ಬೆರಳು ಮುಚ್ಚಿದರೆ ಸಂದಿಯಲ್ಲಿ ತಲೆ ತೂರಿಸಿ ಬೆರಳನ್ನೇ ಅಗಲಿಸುವ ಬಲ. ಹೊಟ್ಟೆಯಡಿ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು, ಅವು ಓಡಾಡುತ್ತಿದ್ದವು. ಅವು ನುಸಿಗಳು. ರೆಕ್ಕೆಯಿಲ್ಲದ ಈ ನುಸಿಗಳು ಹುಳುವಿನ ಮೈಗಂಟಿ ಸಗಣಿಯಿಂದ ಸಗಣಿಗೆ ಸಾಗುತ್ತವೆ, ಇಳಿದು ನೊಣದ ಮೊಟ್ಟೆ ತಿನ್ನುತ್ತವೆ. ಹುಳು ಬಂದ ಕಡೆ ನೊಣ ಕಡಿಮೆಯಾಗಲು ಇದೂ ಒಂದು ಕಾರಣ. ನಾಲ್ಕನೆಯ ದಿನ ಉಳಿದದ್ದು ಹಪ್ಪಳದಂತೆ ತೆಳುವಾದ, ಮುಟ್ಟಿದರೆ ಪುಡಿಯಾಗುವ ನಾರಿನ ಪೊರೆ.

ಅಲ್ಲಿಂದ ಹತ್ತು ಹೆಜ್ಜೆ ದೂರ, ಟಾರು ರಸ್ತೆಯ ಮೇಲೆ, ಅದೇ ಹಸು ಅದೇ ಬೆಳಿಗ್ಗೆ ಹಾಕಿದ ಇನ್ನೊಂದು ಸಗಣಿಯಿತ್ತು. ಅದಕ್ಕೂ ಹುಳುಗಳು ಬಂದಿದ್ದವು, ತೋಡಲು ನೆಲ ಸಿಗಲಿಲ್ಲ. ಕೆಲವು ಸ್ಕೂಟರಿನ ಚಕ್ರಕ್ಕೆ ಸಿಕ್ಕಿ ಸತ್ತಿದ್ದವು. ಸಗಣಿ ಒಣಗಿ, ಟೈರಿಗಂಟಿ, ಧೂಳಾಗಿ ಬೀದಿಯುದ್ದಕ್ಕೂ ಹಾರಿತು. ನಮ್ಮ ಬಡಾವಣೆಯ ಅಂಚಿನಲ್ಲಿ ಸೂಯೇಜ್ ಫಾರಂ ಇದೆ. ಊರಿನ ಕಸ ದಶಕಗಳಿಂದ ಅಲ್ಲಿಗೆ ಬಂದು ಬೀಳುತ್ತಿದೆ, ಅದನ್ನು ಗೊಬ್ಬರ ಮಾಡುವ ಯಂತ್ರಗಳಿವೆ, ಆದರೂ ಬೇರ್ಪಡಿಸದ ಕಸದ ರಾಶಿಯ ವಾಸನೆಯನ್ನೂ ನೊಣವನ್ನೂ ಇಲ್ಲಿಯವರು ಅನುಭವಿಸಿದ್ದಾರೆ. ಕೊಳೆಯುವುದನ್ನು ಕೊಳೆಯುವ ಜಾಗದಲ್ಲೇ ಮಣ್ಣಿಗೆ ಸೇರಿಸುವುದು ಎಷ್ಟು ಬೆಲೆಬಾಳುವ ಕೆಲಸ ಎಂದು ವಿದ್ಯಾರಣ್ಯಪುರಂನವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಮನೆಯಂಗಳದಿಂದ ಹಿಡಿದು ಮೋರಿಯ ಅಂಚಿನವರೆಗೂ ಕಾಂಕ್ರೀಟ್ ಹಾಕುವುದು ಈ ಹುಳುವಿಗೆ ಒಂದು ಪೆಟ್ಟು. ರಾತ್ರಿಯ ಬೆಳಕು ಇನ್ನೊಂದು. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಗರದ ಬೆಳಕಿನಡಿ ಬಿಟ್ಟ ಹುಳುಗಳು ಆಕಾಶವನ್ನು ಮರೆತು ಹತ್ತಿರದ ದೀಪದ ಕಡೆಗೇ ನಡೆದವು. ಮೂರನೆಯದು ಕಣ್ಣಿಗೆ ಕಾಣದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಂಭೀರವಾದದ್ದು. ದನಗಳ ಹೊಟ್ಟೆಹುಳು, ಉಣ್ಣೆಗೆ ಕೊಡುವ ಐವರ್ಮೆಕ್ಟಿನ್ ಎಂಬ ಔಷಧಿ ಮನುಷ್ಯರಿಗೂ ದೊಡ್ಡ ಉಪಕಾರ ಮಾಡಿದೆ. ಅದನ್ನು ರೂಪಿಸಿದ ಇಬ್ಬರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ದನಕ್ಕೆ ಕೊಟ್ಟ ಔಷಧಿಯ ಬಹುಪಾಲು ಸಗಣಿಯಲ್ಲೇ ಹೊರಬರುತ್ತದೆ, ಅಲ್ಲಿ ಸಗಣಿ ಹುಳುವಿನ ಮರಿಗಳನ್ನು ಕೊಲ್ಲುತ್ತದೆ. ದನದ ನೋವಿಗೆ ಕೊಟ್ಟ ಡೈಕ್ಲೊಫೆನಾಕ್ ರಣಹದ್ದುಗಳನ್ನು ಮುಗಿಸಿದ್ದು ನಮಗೆ ಅರಿವಾಗಿ 2006ರಲ್ಲಿ ಅದನ್ನು ನಿಷೇಧಿಸುವ ಹೊತ್ತಿಗೆ ಹದ್ದುಗಳು ಅಳಿವಿನಂಚಿಗೆ ಬಂದಿದ್ದವು. ರಣಹದ್ದು ಮಾಯವಾದದ್ದು ಆಕಾಶ ನೋಡಿದವರಿಗೆ ಕಾಣಿಸಿತು. ಹುಳು ಮಾಯವಾದರೆ ಮೊದಲು ಕಾಣುವುದು ಎತ್ತದೇ ಉಳಿದ ಸಗಣಿ.

ಹಸು ಸಾಕಿದವರು ಈ ಔಷಧಿಯನ್ನು ಪಶುವೈದ್ಯರು ಅಗತ್ಯವೆಂದಾಗ ಮಾತ್ರ ಕೊಡಿಸಿ. ಕೊಟ್ಟ ಮೇಲೆ ಮೊದಲ ಎರಡು ವಾರದ ಸಗಣಿಯನ್ನು ಬಯಲಲ್ಲಿ ಬಿಡದೆ ತಿಪ್ಪೆಗೆ ಹಾಕಿ. ಮನೆ ಕಟ್ಟಿಸುವವರು ಒಂದು ಮಾರಾದರೂ ಮಣ್ಣಿನ ನೆಲ ಉಳಿಸಿ. ಇನ್ನು ಮಳೆ ಬಿದ್ದ ರಾತ್ರಿ ಬೀದಿ ದೀಪದ ಕೆಳಗೆ ಹೆಬ್ಬೆರಳಿನಷ್ಟು ದಪ್ಪದ, ತಲೆಯ ಮೇಲೆ ಒಂದು ಕೊಂಬಿರುವ ಕರಿಯ ಹುಳು ಅಂಗಾತ ಬಿದ್ದು ಕಾಲು ಬಡಿಯುತ್ತಿದ್ದರೆ, ಅದು ಕಥಾರ್ಸಿಯಸ್ ಎಂಬ ನಮ್ಮೂರಿನದೇ ಸಗಣಿ ಹುಳು. ಕಚ್ಚುವುದಿಲ್ಲ, ವಿಷವಿಲ್ಲ. ಎತ್ತಿ, ಕತ್ತಲಿರುವ ಕಡೆ, ಮಣ್ಣಿನ ಮೇಲೆ ಬಿಡಿ.